‘ಇತರೆ’ ಕಾಲಮಿನ ವಕೀಲರು

ಆ ವಕೀಲರನ್ನು ಮಣ್ಣು ಮಾಡಿ ಬಂದ ದಿನ ಒಲೆ ಹೊತ್ತಿಸುವ ಮನಸ್ಸೇ ಆಗಲಿಲ್ಲ ನನಗೆ. ನನ್ನ ಯಜಮಾನರು ಹೊರಗಿನಿಂದ ಅವಲಕ್ಕಿ ಕಟ್ಟಿಸಿಕೊಂಡು ಬಂದರು. “ನಿನಗ ಅವರು ಏನಾಗಬೇಕಿತ್ತು?” ಎಂದು ಮೆಲ್ಲಗೆ ಕೇಳಿದರು. ಏನೂ ಆಗಬೇಕಿರಲಿಲ್ಲ. ಬಂಧುವಲ್ಲ, ಬಳಗವಲ್ಲ, ನೆರೆಯವರೂ ಅಲ್ಲ. ನಮ್ಮ ಆಫೀಸಿನ ಗಿರಾಕಿ, ಅಷ್ಟೇ. ಅದೂ ಎಂಥ ಗಿರಾಕಿ ಅಂತೀರಿ! ಇಷ್ಟು ವರ್ಷದ ನೌಕರಿಯಲ್ಲಿ ನನ್ನ ತಲೆ ತಿಂದವರನ್ನು ಸಾಲಾಗಿ ಕೂರಿಸಿದರೆ ಮೊದಲ ಮಣೆ ಅವರಿಗೇ ಹಾಕಬೇಕು.

ನಾನು ಒಂದು ವಿಮಾ ಕಂಪನಿಯ ಬೀದರ್ ಶಾಖೆಯಲ್ಲಿ ಕೆಲಸ ಮಾಡುವವಳು. ಗಾಡಿ, ಅಂಗಡಿ, ಎಮ್ಮೆ ಇವುಗಳ ವಿಮೆಯ ಜೊತೆಗೆ ನಮ್ಮಲ್ಲಿ ವೃತ್ತಿ ಹೊಣೆಯ ವಿಮೆ ಎಂಬುದೂ ಉಂಟು. ಡಾಕ್ಟರೋ ವಕೀಲರೋ ತಮ್ಮ ಕೆಲಸದಲ್ಲಿ ತಪ್ಪು ಮಾಡಿ, ನಂಬಿ ಬಂದವರಿಗೆ ನಷ್ಟವಾದರೆ ಅದನ್ನು ಕಂಪನಿ ತುಂಬಿಕೊಡುತ್ತದೆ. ಡಾಕ್ಟರುಗಳು ತಾವಾಗಿಯೇ ಬಂದು ಮಾಡಿಸಿ ಹೋಗುತ್ತಾರೆ. ವಕೀಲರು ಮಾತ್ರ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ತಪ್ಪು ಮಾಡುವುದು ಡಾಕ್ಟರುಗಳ ಚಾಳಿ, ತಮ್ಮದಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಇವರೂ ಬರುತ್ತಿರಲಿಲ್ಲ. ಸಾಲ ಕೇಳಿ ಬಂದವರ ಹೊಲ ಮನೆಗಳ ಕಾಗದ ನೋಡಿ ಅಭಿಪ್ರಾಯ ಬರೆಯಲು ಒಂದು ಬ್ಯಾಂಕು ಇವರನ್ನು ಗೊತ್ತುಮಾಡಿಕೊಂಡಿತ್ತು. ಪಾಲಿಸಿ ಇಲ್ಲದ ವಕೀಲರು ಬೇಡ ಎಂದು ಆ ಬ್ಯಾಂಕಿನವರು ಹಟ ಹಿಡಿದಾಗ ವಿಧಿಯಿಲ್ಲದೆ ಬಂದರು.

ಬಂದವರೇ “ಶರಣ್ರಿ ಮೇಡಂ” ಎಂದು ಕೂತು, ಕೊರಳ ಬಿಳಿ ಪಟ್ಟಿ ಬಿಚ್ಚಿ ಅದರಿಂದಲೇ ಕನ್ನಡಕ ಒರೆಸಿಕೊಂಡರು. ನ್ಯಾಯಾಧೀಶರ ಮುಂದೆ ಕಟ್ಟಿಕೊಳ್ಳುವ ಪಟ್ಟಿ ಅದು. ಅವರಿಗೆ ಅದು ಕರವಸ್ತ್ರವೂ ಹೌದು, ಕೆಲವೊಮ್ಮೆ ಸೀತಾಫಲ ತಿಂದ ಬೆರಳು ಒರೆಸುವ ಅರಿವೆಯೂ ಹೌದು ಎಂದು ಆಮೇಲೆ ಗೊತ್ತಾಯಿತು.

ನಮ್ಮ ಅರ್ಜಿಯಲ್ಲಿ ವಕೀಲರಿಗೆಂದೇ ಒಂದು ಪುಟವಿದೆ. ವರ್ಷದ ಕೆಲಸವನ್ನು ನೂರು ಪಾಲು ಮಾಡಿ, ಅದರಲ್ಲಿ ದಿವಾಣಿ ಅಂದರೆ ಸಿವಿಲ್ ದಾವೆಗಳೆಷ್ಟು, ಫೌಜದಾರಿ ಎಷ್ಟು, ಆಸ್ತಿ ಕಾಗದ ನೋಡುವುದೆಷ್ಟು, ಸಂಸಾರದ ವ್ಯಾಜ್ಯ, ಅಪಘಾತ, ತೆರಿಗೆ ಎಷ್ಟೆಷ್ಟು ಎಂದು ಹಂಚಿ ಬರೆಯಬೇಕು. ಯಾವ ಕೆಲಸದಲ್ಲಿ ತಪ್ಪಾಗುವ ಸಂಭವ ಹೆಚ್ಚೋ ಅದಕ್ಕೆ ಪ್ರೀಮಿಯಂ ಹೆಚ್ಚು. ಕೊನೆಯಲ್ಲಿ ‘ಇತರೆ’ ಎಂಬ ಕಾಲಂ ಇದೆ. ಅಲ್ಲಿ ಎಲ್ಲರೂ ಅಡ್ಡಗೆರೆ ಎಳೆಯುತ್ತಾರೆ.

ಇವರು ಆ ಪುಟ ನೋಡಿ ನಕ್ಕುಬಿಟ್ಟರು. “ಮೇಡಂ, ನನ್ನ ಹತ್ರ ಮಂದಿ ಬರ್ತಾರ್ರಿ. ಹಿಂಗ ಬ್ಯಾರೆ ಬ್ಯಾರೆ ಭಾಗ ಆಗಿ ಯಾರೂ ಬರಂಗಿಲ್ಲ.”

“ಅಂದಾಜು ಹೇಳ್ರಿ ಸಾಹೇಬ್ರ. ನಾ ಬರಕೊಳ್ತೇನಿ.”

“ಆಯ್ತು, ನೀವೇ ಹೇಳ್ರಿ. ಮೆಹಕರದ ಅಣ್ಣ ತಮ್ಮ ಬಂದಿದ್ರು. ತಮ್ಮ ಬಾರಕೋಲಿಲೆ ಅಣ್ಣಗ ಹೊಡದಾನ. ಯಾವ ಕಾಲಂ?”

“ಫೌಜದಾರಿ.”

“ಹೊಡದಿದ್ದು ಯಾಕ? ಹೊಲದ ಬದು ಸರಿಸ್ಯಾನ ಅಂತ.”

“ಹಂಗಿದ್ರ ದಿವಾಣಿ.”

“ಬದು ಸರಿಸಿದ್ದು ಯಾಕ? ಮನ್ಯಾಗ ಇವರ ಹೆಂಡ್ರಿಬ್ರಿಗಿ ಮಾತಿಲ್ಲ.”

“ಸಂಸಾರದ್ದು ಅಂತ ಬರೀತೇನಿ.”

“ಮಾತು ಯಾಕ ಬಿಟ್ರು? ದೊಡ್ಡಾಕಿ ಹಡೆದಾಗ ಸಣ್ಣಾಕಿ ಅಂಟಿನುಂಡಿ ಮಾಡಿ ಕೊಡಲಿಲ್ಲ. ಅಂಟಿನುಂಡಿಗಿ ಎಲ್ಲಿ ಅದ್ರಿ ನಿಮ್ಮ ಕಾಲಂ?”

ನಾನು ಪೆನ್ನು ಕೆಳಗಿಟ್ಟೆ. ಮುಂದೇನಾಯಿತು ಎಂದು ಕೇಳದೆ ಇರಲಾಗಲಿಲ್ಲ. ಏನಾಗುವುದು? ಇವರು ಸಣ್ಣವಳನ್ನು ಕರೆಸಿ, ಕೂಸಿಗೆ ಹಲ್ಲು ಬಂದಿದ್ದರೂ ಪರವಾಗಿಲ್ಲ, ಈಗಲಾದರೂ ಮಾಡಿಕೊಡು ಎಂದರಂತೆ. ಡಬ್ಬಿ ತುಂಬ ಉಂಡಿ ದೊಡ್ಡವಳ ಮನೆಗೆ ಹೋಯಿತು. ಅದರಲ್ಲಿ ನಾಲ್ಕು ಇವರ ಆಫೀಸಿಗೂ ಬಂದವು. ಕೇಸು ಯಾವ ಕೋರ್ಟಿಗೂ ಹೋಗಲಿಲ್ಲ. “ಈಗ ಬರೀರಿ, ಇದು ಎಲ್ಲಿ ಬರ್ತದ?” ಎಂದು ಕೈಕಟ್ಟಿ ಕೂತರು.

ನನಗೂ ಸಿಟ್ಟು ಬರುತ್ತದಲ್ಲ! “ಎಲ್ಲಾ ದಿವಾಣಿ ಅಂತ ಹಾಕ್ರಿ ಕಾಕಾ, ಪ್ರೀಮಿಯಂ ಕಡಿಮಿ ಬೀಳ್ತದ, ಯಾರೂ ಕೇಳಂಗಿಲ್ಲ” ಎಂದೆ. ಸಾಹೇಬರು ಹೋಗಿ ಕಾಕಾ ಆದದ್ದು ಆ ಸಿಟ್ಟಿನಲ್ಲೇ. ಅವರು ಒಪ್ಪಲಿಲ್ಲ. “ಮಾಡದ್ದು ಮಾಡ್ತೀನಿ ಅಂತ ಹ್ಯಾಂಗ ಬರೀಲಿ ತಂಗಿ?” ಎಂದು ಅರ್ಧಕ್ಕಿಂತ ಹೆಚ್ಚು ಪಾಲನ್ನು ‘ಇತರೆ’ ಕಾಲಮಿಗೆ ಹಾಕಿಸಿದರು. ಕಲಬುರಗಿಯ ನಮ್ಮ ಮೇಲಿನ ಆಫೀಸಿನಿಂದ ಅರ್ಜಿ ಬಾಣದಂತೆ ವಾಪಸು ಬಂತು. ಇತರೆ ಎಂದರೇನು, ವಿವರಿಸಿ. ‘ದಾವೆಗೆ ಮುಂಚಿನ ಸಲಹೆ ಮತ್ತು ಮಾತುಕತೆ’ ಎಂದು ಇಬ್ಬರೂ ಕೂಡಿ ಬರೆದೆವು. ಅಂಥ ಕೆಲಸ ಕಂಪನಿ ಕೇಳಿರಲೇ ಇಲ್ಲ, ಹಾಗಾಗಿ ಪ್ರೀಮಿಯಂ ಜಾಸ್ತಿ ಬಿತ್ತು. “ಜಗಳ ಹಚ್ಚಿದ್ರ ಕಡಿಮಿ, ಬಿಡಿಸಿದ್ರ ಜಾಸ್ತಿ ಏನ್ರಿ?” ಎಂದು ಗೊಣಗುತ್ತಲೇ ಕಟ್ಟಿದರು.

ಆಮೇಲೆ ಒಂದೊಂದು ನೆಪಕ್ಕೆ ನಾನೇ ಅವರ ಆಫೀಸಿಗೆ ಹೋಗತೊಡಗಿದೆ. ಹಳೆಯ ಊರಿನ ಗಲ್ಲಿಯೊಂದರಲ್ಲಿ ಒಂದು ಕೋಣೆ, ಹೊರಗೆ ಉದ್ದನೆಯ ಬೆಂಚು. ಅವರಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ಊರ ಹೆಸರು ಮರೆಯುತ್ತಿರಲಿಲ್ಲ. “ಬಗದಲ್ ಬಂತೇನು? ಒಳಗ ಕಳಸು. ಮೆಹಕರ ಚಾ ಕುಡೀತೇನು ಕೇಳು” ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆಯ ಕೋರ್ಟುಗಳಲ್ಲಿ ಅವರ ತಿರುಗಾಟ. ಔರಾದಿನಲ್ಲಿ ಒಮ್ಮೆ ವಾದದ ಭರಕ್ಕೆ ಮರಾಠಿಗೆ ಇಳಿದುಬಿಟ್ಟರಂತೆ. ಮೈಸೂರು ಕಡೆಯ ನ್ಯಾಯಾಧೀಶರು ತಡೆದು ಏನು ಹೇಳಿದಿರಿ ಎಂದು ಕೇಳಿದರೆ, “ಸಿಟ್ಟಿಗೆದ್ದಿದ್ದೆರಿ ಸ್ವಾಮಿ, ಏನಂದೆ ನನಗೂ ನೆನಪಿಲ್ಲ” ಎಂದರಂತೆ. ಇದನ್ನು ಅವರ ಎದುರು ಪಕ್ಷದ ವಕೀಲರೇ ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರದೊಂದು ಪದ್ಧತಿ ಇತ್ತು. ಕಕ್ಷಿದಾರರು ನೀವೇ ನಮ್ಮ ವಕೀಲರು ಎಂದು ಸಹಿ ಮಾಡಿಕೊಡುವ ಕಾಗದಕ್ಕೆ ವಕಾಲತ್ತು ಎನ್ನುತ್ತಾರೆ. ಮಂದಿ ಮೊದಲ ಸಲ ಬಂದ ದಿನ ಇವರು ಅದಕ್ಕೆ ಸಹಿ ಹಾಕಿಸಿಕೊಳ್ಳುತ್ತಿರಲಿಲ್ಲ. ಯಾರೇ ಇರಲಿ, ಎಷ್ಟೇ ಕುದಿಯುತ್ತಿರಲಿ, “ಮನಿಗಿ ಹೋಗ್ರಿ. ಉಂಡು ಮಲಗ್ರಿ. ಎದ್ದ ಮ್ಯಾಲೂ ಕೇಸ್ ಹಾಕಬೇಕು ಅನಿಸಿದ್ರ ಬರ್ರಿ” ಎಂದು ಕಳಿಸುವುದು. ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲ. ಬರದವರ ಮನೆಗೆ ಇವರೇ ಫೋನು ಮಾಡಿ ಸಮಾಧಾನ ಆಯಿತೇ ಎಂದು ಕೇಳುತ್ತಿದ್ದರು. ಹೀಗೆ ಮಾಡುವ ವಕೀಲರು ಉದ್ಧಾರ ಆದ ಹಾಗೇ ಇದೆ ಎಂದು ಅವರ ಮಡದಿ ನನ್ನ ಮುಂದೆ ಅಂದರೂ, ಆ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇಲ್ಲದೆ ಇರಲಿಲ್ಲ.

ಅದೇ ಪದ್ಧತಿ ಅವರಿಗೆ ಮುಳುವಾಯಿತು.

ಖಟಕ ಚಿಂಚೋಳಿಯ ಹೆಣ್ಣುಮಗಳು, ಗಂಡ ಇಲ್ಲದಾಕೆ. ಭಾಲ್ಕಿಯಲ್ಲಿರುವ ಆಕೆಯ ಮೈದುನನಿಗೆ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಒಂದು ಖಾಲಿ ಜಾಗ. ಅಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂಬುದು ಆಕೆಯ ಆಸೆ. ಮುಂಗಡ ಪಡೆದು ಮೈದುನ ಕರಾರು ಬರೆದುಕೊಟ್ಟಿದ್ದ. ಬರುವ ದೀಪಾವಳಿ ಪಾಡ್ಯದೊಳಗೆ ನಿನ್ನ ಹೆಸರಿಗೆ ರಜಿಸ್ಟ್ರಿ ಮಾಡಿಸುತ್ತೇನೆ ಎಂದು. ನಮ್ಮ ಕಡೆ ಎಲ್ಲ ವಾಯಿದೆಗಳೂ ಹೀಗೆಯೇ, ಹಬ್ಬದಿಂದ ಹಬ್ಬಕ್ಕೆ. ಪಾಡ್ಯ ಬಂತು, ಹೋಯಿತು. ಇವತ್ತು ನಾಳೆ ಎಂದು ಮೈದುನ ಸತಾಯಿಸಿದ. ಅಂಥ ಕರಾರಿನ ಮೇಲೆ ದಾವೆ ಹಾಕಲು ವಾಯಿದೆಯ ದಿನದಿಂದ ಮೂರು ವರ್ಷ ಅವಧಿ ಇರುತ್ತದೆ. ಅದೂ ಮುಗಿಯುವ ಹೊತ್ತಿಗೆ ಆಕೆ ನಮ್ಮ ವಕೀಲರ ಬೆಂಚಿನ ಮೇಲೆ ಬಂದು ಕೂತಳು.

ಅದು ಅಧಿಕ ಮಾಸ ಬಂದ ವರ್ಷ. ಇಲ್ಲಿ ಅದಕ್ಕೆ ಧೋಂಡ್ಯಾ ತಿಂಗಳು ಎನ್ನುತ್ತಾರೆ. ಮಗಳು ಅಳಿಯನನ್ನು ಕರೆದು ಉಣಿಸಿ ಉಡುಗೊರೆ ಕೊಡುವ ತಿಂಗಳು, ಹೊಸ ಕೆಲಸ ಯಾವುದನ್ನೂ ಶುರು ಮಾಡದ ತಿಂಗಳು. “ಧೋಂಡ್ಯಾದಾಗ ಕೋರ್ಟ್ ಮೆಟ್ಟಲ ಹತ್ತೂದು ಬ್ಯಾಡ್ರಿ ಸಾಹೇಬ್ರ” ಎಂದಳಂತೆ ಆಕೆ. ಇವರಿಗೂ ಅದೇ ಬೇಕಾಗಿತ್ತು. “ಹೌದು ಬಾಯಿ, ದಿವಳಗಿ ತನಕಾ ಟೈಮ್ ಅದ. ನಿಮ್ಮ ಮೈದುನಗ ನಾ ಮಾತಾಡ್ತೇನಿ. ದಸರಾ ಮುಗಸಿ ಬರ್ರಿ” ಎಂದು ಮನೆಗೆ ಕಳಿಸಿದರು. ಮೈದುನನಿಗೆ ಫೋನು ಮಾಡಿದರು. ಅವನು ಬಲು ನಯವಾಗಿ ಆಗಲಿ ಆಗಲಿ ಎಂದ.

ದಸರಾ ಮುಗಿಸಿ ಆಕೆ ಬಂದಳು, ವಕಾಲತ್ತಿಗೆ ಸಹಿ ಮಾಡಿದಳು. ದೀಪಾವಳಿ ಇನ್ನೂ ಎದುರಿಗಿರುವಾಗಲೇ ದಾವೆ ಹಾಕಿದರು. ಆದರೆ ಕಾನೂನಿಗೆ ಪಂಚಾಂಗ ಇಲ್ಲ. ಕರಾರಿನಲ್ಲಿ ಹಬ್ಬದ ಹೆಸರಿದ್ದರೂ ಕೋರ್ಟು ನೋಡುವುದು ಆ ಹಬ್ಬ ಬಿದ್ದ ಇಂಗ್ಲಿಷ್ ತಾರೀಖನ್ನು. ಅಧಿಕ ಮಾಸ ಬಂದದ್ದರಿಂದ ಆ ವರ್ಷ ಹಬ್ಬಗಳೆಲ್ಲ ಹೆಚ್ಚುಕಡಿಮೆ ಒಂದು ತಿಂಗಳು ಮುಂದೆ ಹೋಗಿದ್ದವು. ತಾರೀಖಿನ ಪ್ರಕಾರ ಆಕೆಯ ಮೂರು ವರ್ಷ ದಸರಾಕ್ಕೂ ಮೊದಲೇ ಮುಗಿದಿತ್ತು. ಮೈದುನನ ವಕೀಲರು ಅದನ್ನೇ ಹಿಡಿದರು, ದಾವೆ ಬಿದ್ದುಹೋಯಿತು. ಮೈದುನ ಜಾಗವನ್ನು ಯಾರಿಗೋ ಮಾರಿಕೊಂಡ. ಈ ನಿಯಮ ವಕೀಲರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹತ್ತು ಮಂದಿ ಜೂನಿಯರುಗಳಿಗೆ ಅವರೇ ಹೇಳಿಕೊಟ್ಟದ್ದು. ಆದರೆ ಆ ದಿನ ಆಕೆ ಧೋಂಡ್ಯಾ ಎಂದಾಗ ಅವರ ಮನಸ್ಸೂ ಹಬ್ಬದ ಲೆಕ್ಕ ಹಿಡಿದು ದಿವಳಗಿಯನ್ನೇ ಎಣಿಸಿತು.

ಅವರು ಅವತ್ತು ನನ್ನ ಮೇಜಿನ ಮುಂದೆ ಬಂದು ನಿಂತರು. ಕೂಡಿರಿ ಎಂದರೂ ಕೂಡಲಿಲ್ಲ. “ತಂಗಿ, ನಾ ಒಂದು ತಪ್ಪು ಮಾಡೀನಿ. ಅದಕ್ಕ ನಿಮ್ಮಲ್ಲಿ ಏನರ ಫಾರ್ಮ್ ಅದ?” ಎಂದರು. ಅವರ ಮುಖ ನೋಡಿದೆ. ಕಡು ಬೇಸಗೆಯಲ್ಲಿ ಕೋಟು ಹಾಕಿಕೊಂಡು ಔರಾದಿನಿಂದ ಬಸ್ಸಿನಲ್ಲಿ ನಿಂತು ಬಂದ ದಿನವೂ ಅವರು ಅಷ್ಟು ಬಾಡಿದ್ದನ್ನು ನಾನು ನೋಡಿರಲಿಲ್ಲ.

ಕಲಬುರಗಿಯಿಂದ ಪರಿಹಾರದ ವಿಭಾಗದ ಅಧಿಕಾರಿ ಬಂದ. ಬೆಂಗಳೂರಿನ ಕಡೆಯ ಹುಡುಗ, ಬುದ್ಧಿವಂತ, ಕೆಟ್ಟವನೇನಲ್ಲ. ನಮ್ಮ ಶಾಖೆಯಲ್ಲೇ ವಿಚಾರಣೆ. ಆ ಹೆಣ್ಣುಮಗಳು ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ವಕೀಲರ ಜೊತೆ ಅವರ ಗೆಳೆಯರಾದ ಇನ್ನೊಬ್ಬ ವಕೀಲರಿದ್ದರು.

“ಇವರು ವಕಾಲತ್ತಿಗೆ ಸಹಿ ಹಾಕಿದ್ದು ಯಾವಾಗ ಸರ್?” ಎಂದು ಅಧಿಕಾರಿ ಕೇಳಿದ.

“ದಸರಾ ಆದ ಮ್ಯಾಲ.”

“ಅಂದ್ರೆ ಅವಧಿ ಮುಗಿದ ಮೇಲೆ. ಹಾಗಿದ್ರೆ ತಪ್ಪಾದ ದಿನ ಇವರು ನಿಮ್ಮ ಕಕ್ಷಿದಾರರೇ ಅಲ್ಲ. ನಿಮ್ಮ ಮೇಲೆ ಹೊಣೆ ಬರೋದೇ ಇಲ್ಲ. ನಿಮಗೆ ಒಳ್ಳೇದೇ ಆಯ್ತಲ್ಲ ಸರ್!”

ಗೆಳೆಯರು ಉಸಿರು ಬಿಟ್ಟು ಇವರ ತೊಡೆ ಅದುಮಿದರು. “ಸುಮ್ಮ ಕೂಡೋ ಮಾರಾಯ. ಹೆಸರು ಉಳೀತದ, ಬ್ಯಾಂಕೂ ಉಳೀತದ” ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಆ ಮಾತು ಸುಳ್ಳಾಗಿರಲಿಲ್ಲ. ಸುಮ್ಮನಿದ್ದರೆ ಇವರು ಪಾರು. ಆದರೆ ಆಕೆಗೆ ಜಾಗವೂ ಇಲ್ಲ, ಪರಿಹಾರವೂ ಇಲ್ಲ, ಗಿರಣಿ ಕನಸೇ ಸರಿ.

ಇವರು ಎದ್ದು ನಿಂತರು. ಕೊರಳ ಪಟ್ಟಿ ಸರಿಮಾಡಿಕೊಂಡರು. ಕೋರ್ಟಿನಲ್ಲಿ ನಾನು ಅವರನ್ನು ನೋಡಿದವಳಲ್ಲ. ಅವತ್ತು ನೋಡಿದೆ.

“ಸಾಹೇಬ್ರ, ನನ್ನ ತಕರಾರು ಅದ. ನಾ ತಪ್ಪುಗಾರ ಅಂತ ತೋರಸ್ಲಾಕ ನನಗೊಂದು ಅವಕಾಶ ಕೊಡ್ರಿ. ಆಕಿಗಿ ಮನಿಗಿ ಹೋಗು ಅಂದಾಂವ ಯಾರು? ನಾ. ದಿವಳಗಿ ತನಕಾ ಟೈಮ್ ಅದ ಅಂದಾಂವ ಯಾರು? ನಾ. ಯಾರ ಮಾತಿನ ಮ್ಯಾಲ ಆಕಿ ಸುಮ್ಮ ಕೂತಳು? ನನ್ನ ಮಾತಿನ ಮ್ಯಾಲ. ನಾಳಿ ಬಾ ಅಂತ ಡಾಕ್ಟರ್ ಕಳಿಸಿದ ಪೇಷಂಟು ದಾರ್‍ಯಾಗ ಸತ್ರ, ಚೀಟಿ ಬರಸಿರಲಿಲ್ಲ, ನಮ್ಮ ಪೇಷಂಟ್ ಅಲ್ಲ ಅಂತೀರೇನು? ನನ್ನ ಅರ್ಜಿ ತಗದು ನೋಡ್ರಿ. ದಾವೆಗೆ ಮುಂಚಿನ ಸಲಹೆ ಅಂತ ಬರದೀನಿ. ಅದಕ್ಕ ನೀವು ಜಾಸ್ತಿ ಪ್ರೀಮಿಯಂ ತಗೊಂಡೀರಿ. ಈಗ ಆ ಸಲಹೆ ಕೆಟ್ಟದ. ಆಕಿಗಿ ಕೊಡಬೇಕಾದ್ದು ಕೊಡ್ರಿ.”

ಆ ಹುಡುಗ ಎದುರಿಗಿದ್ದ ಕಾಗದಗಳನ್ನು ತಿರುವಿ ತಿರುವಿ ನೋಡಿದ. ಕೊನೆಗೆ, “ಸರ್, ತಪ್ಪು ತಮ್ಮದಲ್ಲ ಅಂತ ವಾದ ಮಾಡೋರನ್ನೇ ನಾನು ಇಲ್ಲೀವರೆಗೆ ನೋಡಿದ್ದು” ಎಂದ. ನಾನು ನೀರು ತರುವ ನೆಪ ಮಾಡಿ ಎದ್ದು ಹೋದೆ. ತಿಂಗಳುಗಟ್ಟಲೆ ಓಡಾಡಿದ ಮೇಲೆ ಪರಿಹಾರ ಮಂಜೂರಾಯಿತು. ಭಾಲ್ಕಿಯ ಜಾಗಕ್ಕೆ ಅದು ಸಾಟಿಯಲ್ಲ. ಆದರೂ ಆಕೆ ಖಟಕ ಚಿಂಚೋಳಿಯ ಮನೆಯ ಮುಂಭಾಗದಲ್ಲೇ ಗಿರಣಿ ಹಾಕಿದಳು.

ಗೆಳೆಯರು ಹೇಳಿದ್ದೂ ನಡೆಯಿತು. ಬ್ಯಾಂಕು ಇವರನ್ನು ಕೈಬಿಟ್ಟಿತು. ತಾರೀಖು ತಿಳಿಯದ ವಕೀಲ ಎಂದು ಕೋರ್ಟಿನ ಅಂಗಳದಲ್ಲಿ ಹುಡುಗು ವಕೀಲರು ಆಡಿಕೊಂಡರು. ಅದನ್ನೆಲ್ಲ ಅವರು ನುಂಗಿಕೊಂಡರು. ನನಗೆ ತಡೆಯಲಾಗದ್ದು ಬೇರೆ. ಅವರು ತಮ್ಮ ಪದ್ಧತಿಯನ್ನೇ ಬಿಟ್ಟುಬಿಟ್ಟರು. ಬಂದವರನ್ನು ಕೂರಿಸಿ, ತಾರೀಖು ಕೇಳಿ, ಅವತ್ತೇ ವಕಾಲತ್ತಿಗೆ ಸಹಿ ಹಾಕಿಸುವುದು, ವಾರದೊಳಗೆ ದಾವೆ. “ನನ್ನ ಮಾತಿನ ಮ್ಯಾಲ ಇನ್ನ ಯಾರನ್ನೂ ಕಾಯ್ಸಂಗಿಲ್ಲ ತಂಗಿ” ಎಂದರು. ಬೆಂಚಿನ ಮೇಲೆ ಕೂತ ಅಣ್ಣ ತಮ್ಮಂದಿರು ಮಾತಾಡದೆ ಕೂತು, ಸಹಿ ಮಾಡಿ, ಬೇರೆ ಬೇರೆ ಬಸ್ಸು ಹಿಡಿದು ಹೋಗುತ್ತಿದ್ದರು. ಯಾವ ಊರನ್ನೂ ಕೂಗಿ ಕರೆಯುವ ದನಿ ಕೇಳುತ್ತಿರಲಿಲ್ಲ.

ಬ್ಯಾಂಕು ಹೋದರೂ ಪಾಲಿಸಿಯನ್ನು ಮಾತ್ರ ಬಿಡಲಿಲ್ಲ. ಮರುವರ್ಷ ಅದನ್ನು ನವೀಕರಿಸಲು ನಾನೇ ಹೋದೆ. ಅರ್ಜಿಯನ್ನು ಅವರೇ ತುಂಬಿ ಇಟ್ಟಿದ್ದರು. ದಿವಾಣಿ ಇಷ್ಟು, ಫೌಜದಾರಿ ಇಷ್ಟು, ಅಪಘಾತ ಇಷ್ಟು. ‘ಇತರೆ’ ಕಾಲಮಿನಲ್ಲಿ ಅಡ್ಡಗೆರೆ. “ಈಗ ಸರಿ ಅದ ನೋಡು. ನಿಮ್ಮ ಕಲಬುರಗಿ ಮಂದಿಗಿ ಖುಷಿ ಆಗ್ತದ” ಎಂದು ನಗಲು ನೋಡಿದರು. ಕಂಪನಿಗೆ ಖುಷಿಯಾಗುತ್ತದೆ, ನಿಜ. ನನಗೆ ಮಾತ್ರ ಆ ಕಾಗದವನ್ನು ಹರಿದು ಹಾಕಬೇಕೆನ್ನುವಷ್ಟು ಬೇಜಾರಾಯಿತು.

ಅಷ್ಟರಲ್ಲಿ ಆ ಖಟಕ ಚಿಂಚೋಳಿಯ ಹೆಣ್ಣುಮಗಳು ಬಂದಳು. ಸೆರಗಿನ ಅಂಚಿಗೆ ಇನ್ನೂ ಹಿಟ್ಟು ಅಂಟಿತ್ತು. ಇವರು ಗಾಬರಿಯಾಗಿ ಎದ್ದು, ಡ್ರಾಯರಿನಿಂದ ವಕಾಲತ್ತಿನ ಕಾಗದ ತೆಗೆದು ಆಕೆಯ ಮುಂದೆ ಚಾಚಿದರು.

“ಮೊದಲ ಸಹಿ ಮಾಡ್ರಿ ಬಾಯಿ. ಆಮ್ಯಾಲ ಹೇಳ್ರಿ ಏನಾಗ್ಯದ.”

ಆಕೆ ಕಾಗದವನ್ನು ಮುಟ್ಟಲಿಲ್ಲ. “ಕೇಸ್ ಅಲ್ರಿ ಸಾಹೇಬ್ರ. ನನ್ನ ಮೈದುನನ ಮಗಳ ಲಗ್ನ ಗೊತ್ತಾಗ್ಯದ. ನಾ ಎತ್ತಿ ಆಡಿಸಿದ ಹುಡುಗಿರಿ ಅದು. ಊರೆಲ್ಲ ಕರದಾನ, ನನಗ ಕರದಿಲ್ಲ. ನೀವು ಒಂದು ಮಾತು ಹೇಳ್ರಿ ಅವಗ.”

ವಕೀಲರು ತಲೆ ಅಲ್ಲಾಡಿಸಿದರು. “ಇದು ವಕೀಲರ ಕೆಲಸ ಅಲ್ಲ ಬಾಯಿ.”

“ಅಲ್ಲೇನ್ರಿ? ಮತ್ತ ಇಷ್ಟು ವರ್ಷ ಏನ್ ಮಾಡಿದ್ರಿ ನೀವು?”

“ಅವನ ಹತ್ರ ಮಾತಾಡ್ಲಾಕ ಹೋಗೇ ನಿಮ್ಮ ಜಾಗ ಕಳದೀನಿ. ಅಂವಾ ಮೋಸ ಮಾಡ್ದ, ನಾ ತಪ್ಪು ಮಾಡ್ದೆ. ನಮ್ಮಿಬ್ಬರನೂ ಮತ್ತ ನಂಬತೀರೇನು?”

ಆಕೆ ಮೂಗು ಒರೆಸಿಕೊಂಡಳು. “ಜಾಗ ಹೋಯ್ತ್ರಿ, ಹೋಗ್ಲಿ. ಹುಡುಗಿ ಹೋಗಬಾರದ್ರಿ. ಕೇಸ್ ಹಾಕ್ಲಾಕ ಭಾಲ್ಕ್ಯಾಗ ಬೇಕಾದಷ್ಟು ಮಂದಿ ಕರೀ ಕೋಟಿನೋರು ಅದಾರ. ನಾ ಅವರ ಕಡಿಗಿ ಹೋಗಿಲ್ಲ. ನೀವು ನಮ್ಮ ವಕೀಲ್ರ ಹೌದಿಲ್ಲೋ, ಅಷ್ಟು ಹೇಳ್ರಿ.”

ಅವರು ಆ ಕಾಗದ ಹಿಡಿದ ಕೈಯನ್ನು ಹಾಗೆಯೇ ಚಾಚಿಕೊಂಡು ನಿಂತಿದ್ದರು. ಕಣ್ಣು ತುಂಬಿತ್ತು. ಕಾಗದವನ್ನು ಮೇಜಿನ ಮೇಲೆ ಬಿಟ್ಟು, ಬಗ್ಗಿ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ನಾನೇ ಕಾಲಿನಿಂದ ಸರಿಸಿಕೊಟ್ಟೆ.

“ಫೋನ್ ಮ್ಯಾಲ ಮುಗಿಯೂ ಮಾತಲ್ಲ ಇದು” ಎಂದರು, ಆಕೆಗೋ ನನಗೋ ತಿಳಿಯದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, “ಭಾಲ್ಕಿಗಿ ಈಗ ಬಸ್ ಅದ ಏನ್ ತಂಗಿ?” ಎಂದು ಕೇಳಿದರು.

“ಅದ ಕಾಕಾ” ಎಂದೆ. “ಜಲ್ದಿ ಹೋಗ್ರಿ.”